ಎಚ್‌ಎಂ ಟ್ರೈನಿಂಗ್‌ನಲ್ಲಿ ಕೇಸ್ ಸ್ಟಡಿ: ಯಶೋಗಾಥೆ ಓದಿಸಿದ್ರೆ ಸಾಕಾ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ್ಮೇಲೆ ಹೆಡ್ ಮಾಸ್ಟರುಗಳ (ಎಚ್‌ಎಂ) ತರಬೇತಿ ಬಗ್ಗೆ ಮಾತು ಜಾಸ್ತಿ ಆಗಿದೆ. ಶಿಕ್ಷಕರಿಗೆ ಹೇಳಿದ ಹಾಗೇ ಶಾಲಾ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆ ಕಲಿಕೆ ಇರಬೇಕು, ಅದ್ರಲ್ಲಿ ನಾಯಕತ್ವ, ಆಡಳಿತ ಎರಡೂ ಬರಬೇಕು ಅಂತ ನೀತೀಲೇ ಬರೆದಿದೆ. ಅದಕ್ಕೂ ಮೊದ್ಲು 2019ರ ಆಗಸ್ಟ್‌ನಲ್ಲಿ ಶುರುವಾದ ನಿಷ್ಠಾ ಅನ್ನೋ ಕೇಂದ್ರ ಸರ್ಕಾರದ ತರಬೇತಿ ಕಾರ್ಯಕ್ರಮದ ಗುರಿ 42 ಲಕ್ಷ ಶಿಕ್ಷಕರು ಮತ್ತು ಮುಖ್ಯಸ್ಥರು, ಕೋವಿಡ್ ಬಂದಾಗ ಅದು ದೀಕ್ಷಾ ಆಪ್‌ಗೆ ಹೋಯ್ತು. ದಿಲ್ಲೀಲಿ ಶಿಕ್ಷಣ ಯೋಜನೆ, ಆಡಳಿತಕ್ಕೆ ಅಂತ ಇರೋ ನೀಪಾ ಸಂಸ್ಥೇಲಿ 2012ರಿಂದ ಶಾಲಾ ನಾಯಕತ್ವಕ್ಕೆ ಅಂತಲೇ ಒಂದು ರಾಷ್ಟ್ರೀಯ ಕೇಂದ್ರ ಇದೆ, ನಮ್ಮಲ್ಲಿ ಧಾರವಾಡದ ಸಿಸ್ಲೆಪ್ ಇದೇ ಕೆಲಸಕ್ಕೆ ಇರೋ ಸಂಸ್ಥೆ, ಅದಲ್ಲದೆ ಜಿಲ್ಲೆ ಜಿಲ್ಲೇಲೂ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಇದೆ. ಹಾಗಾಗಿ ತರಬೇತಿಗೆ ಜಾಗ ಇಲ್ಲ, ಜನ ಇಲ್ಲ ಅಂತ ಯಾರೂ ಹೇಳೋಹಾಗಿಲ್ಲ. ಆ 50 ಗಂಟೇಲಿ ಏನು ನಡೆಯುತ್ತೆ ಅನ್ನೋದನ್ನ ಮಾತ್ರ ನಾವು ಕೇಳಬೇಕಾಗಿದೆ.

ಸಾಮಾನ್ಯವಾಗಿ ನಡೆಯೋದು ಏನಪ್ಪಾ ಅಂದ್ರೆ, ಮೇಲೆ ಯಾರೋ ಒಂದು ಮಾಡ್ಯೂಲ್ ಮಾಡ್ತಾರೆ, ಅದನ್ನ ಮಾಸ್ಟರ್ ರಿಸೋರ್ಸ್ ಪರ್ಸನ್‌ಗೆ ಹೇಳಿಕೊಡ್ತಾರೆ, ಅವ್ರು ಜಿಲ್ಲೆಯವರಿಗೆ, ಜಿಲ್ಲೆಯವರು ಬ್ಲಾಕ್‌ನವರಿಗೆ, ಕೊನೆಗೆ ಎಚ್‌ಎಂ ಮುಂದೆ ಬರೋ ಹೊತ್ತಿಗೆ ಅದು ಒಂದು ಪಿಪಿಟಿ ಆಗಿರುತ್ತೆ. ಉತ್ತಮ ನಾಯಕನ ಗುಣಗಳು, ಸಮಯ ನಿರ್ವಹಣೆ, ಸಮುದಾಯದ ಸಹಭಾಗಿತ್ವ, ಇಂಥ ಹೆಡ್ಡಿಂಗುಗಳು. ಎಚ್‌ಎಂಗಳು ಬರ್ಕೋತಾರೆ, ಮಧ್ಯೆ ಮಧ್ಯೆ ವಾಟ್ಸಾಪ್ ಗ್ರೂಪ್‌ಗೆ ಬಿದ್ದ "ತುರ್ತು, ಇಂದೇ ಸಲ್ಲಿಸುವುದು" ಅನ್ನೋ ಮೆಸೇಜಿಗೆ ಅಂಕಿಅಂಶ ಕಳಿಸ್ತಾರೆ, ಸಂಜೆ ಫೀಡ್‌ಬ್ಯಾಕ್ ಫಾರಂ ತುಂಬಿ ಬಸ್ಸು ಹಿಡೀತಾರೆ. ಇದು ಅವರ ತಪ್ಪಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಷ್ಟ್ರು ಸೀನಿಯಾರಿಟಿ ಮೇಲೆ ಬಡ್ತಿ ಬಂದು ಒಂದು ಸೋಮವಾರದಿಂದ ಎಚ್‌ಎಂ ಆಗಿಬಿಡ್ತಾರೆ, ಚಿಕ್ಕ ಶಾಲೆ ಆದ್ರೆ ಆ ಹುದ್ದೇನೂ ಇರಲ್ಲ, ಇರೋ ಇಬ್ಬರಲ್ಲಿ ಒಬ್ರಿಗೆ ಪ್ರಭಾರ. ಅವರಿಗೆ ಬೇಕಾಗಿರೋದು ನಾಳೆ ಬೆಳಿಗ್ಗೆ ಗೇಟ್ ತೆಗೆದಾಗ ಎದುರಿಗೆ ಬಂದು ನಿಲ್ಲೋ ಸಮಸ್ಯೆಗೆ ತಲೆ ಹೇಗೆ ಓಡಿಸಬೇಕು ಅನ್ನೋದು.

ಇಲ್ಲಿ ಕೇಸ್ ಸ್ಟಡಿ ಅನ್ನೋದು ಬರುತ್ತೆ, ಮತ್ತೆ ಇಲ್ಲೇ ಅದು ಹಾಳಾಗೋದೂ. ನಮ್ಮ ಟ್ರೈನಿಂಗ್‌ಗಳಲ್ಲಿ ಕೇಸ್ ಸ್ಟಡಿ ಅಂತ ಕೊಡೋದು ಬಹುಪಾಲು ಯಶೋಗಾಥೆ. ಯಾವುದೋ ಹಳ್ಳಿ ಶಾಲೆ, ಬಿದ್ದೋಗೋ ಹಾಗಿತ್ತು, ಹೊಸ ಎಚ್‌ಎಂ ಬಂದ್ರು, ದಾನಿಗಳನ್ನ ಹಿಡಿದ್ರು, ಗೋಡೆಗೆಲ್ಲ ಬಣ್ಣ ಬಂತು, ಕೈತೋಟ ಆಯ್ತು, ದಾಖಲಾತಿ ಹೆಚ್ಚಾಯ್ತು. ಓದ್ತಾರೆ, ಚಪ್ಪಾಳೆ ತಟ್ತಾರೆ. ಅಂಥ ಎಚ್‌ಎಂಗಳು ಇದಾರೆ, ಅವ್ರ ಕೆಲಸ ದೊಡ್ಡದು, ಅದ್ರ ಬಗ್ಗೆ ನಂಗೆ ಪೂರ್ತಿ ಗೌರವ ಇದೆ. ಆದ್ರೆ ಆ ಕಥೇಲಿ ನಿರ್ಧಾರ ಎಲ್ಲಾ ಆಗಲೇ ಮುಗಿದಿದೆ, ಓದೋರಿಗೆ ಯೋಚನೆ ಮಾಡೋಕೆ ಏನೂ ಉಳಿದಿಲ್ಲ. ಬೇರೆ ಏನು ಮಾಡಬಹುದಿತ್ತು, ಎಲ್ಲಿ ಕೈಸುಟ್ಕೊಂಡ್ರು, ಯಾರು ವಿರೋಧ ಮಾಡಿದ್ರು, ಅದು ಯಾವುದೂ ಆ ಎರಡು ಪುಟದಲ್ಲಿ ಇರಲ್ಲ. ಓದಿದ ಎಚ್‌ಎಂ ಮನಸ್ಸಲ್ಲಿ ಉಳಿಯೋದು "ನಮ್ಮೂರಲ್ಲಿ ಅಂಥ ದಾನಿ ಇಲ್ಲ ಬಿಡಿ" ಅನ್ನೋದಷ್ಟೇ.

ಈ ವಿಧಾನ ಹುಟ್ಟಿದ್ದೇ ಬೇರೆ ಥರ. ಹಾರ್ವರ್ಡ್‌ನ ಕಾನೂನು ಕಾಲೇಜಲ್ಲಿ 1870ರ ಸುಮಾರಿಗೆ ಲ್ಯಾಂಗ್‌ಡೆಲ್ ಅನ್ನೋರು ಉಪನ್ಯಾಸ ಬಿಟ್ಟು ಕೋರ್ಟಿನ ತೀರ್ಪುಗಳನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟು ಪ್ರಶ್ನೆ ಕೇಳೋಕೆ ಶುರು ಮಾಡಿದ್ರು, ಆಮೇಲೆ 1920ರ ದಶಕದಲ್ಲಿ ಅಲ್ಲಿನ ಬಿಸಿನೆಸ್ ಸ್ಕೂಲ್ ಇದನ್ನ ತನ್ನ ಮುಖ್ಯ ವಿಧಾನ ಮಾಡ್ಕೊಳ್ತು, 1961ರಲ್ಲಿ ಶುರುವಾದ ಅಹಮದಾಬಾದ್ ಐಐಎಂ ಹಾರ್ವರ್ಡ್ ಸಹಾಯದಿಂದಲೇ ಇದನ್ನ ನಮ್ಮ ದೇಶಕ್ಕೆ ತಂತು. ಅಲ್ಲಿ ಕೇಸ್ ಅಂದ್ರೆ ಒಬ್ಬ ಮನುಷ್ಯ ಒಂದು ನಿರ್ಧಾರದ ಎದುರು ನಿಂತಿದಾನೆ, ಮಾಹಿತಿ ಅರ್ಧಂಬರ್ಧ ಇದೆ, ಟೈಮ್ ಇಲ್ಲ, ನೀವು ಅವನ ಜಾಗದಲ್ಲಿ ಇದ್ದೀರಿ, ಏನ್ಮಾಡ್ತೀರಿ? ಕಥೆ ಅಲ್ಲಿಗೇ ನಿಲ್ಲುತ್ತೆ. ಉತ್ತರ ಪುಟದ ಹಿಂದೆ ಇರಲ್ಲ.

ಶಾಲಾ ಆಡಳಿತಕ್ಕೆ ಇದನ್ನ ಗಟ್ಟಿಯಾಗಿ ತಂದಿದ್ದು 1950ರ ದಶಕದ ಅಮೆರಿಕ. ಅಲ್ಲಿ ನಡೆದ ಒಂದು ದೊಡ್ಡ ಪ್ರಯೋಗ ನಂಗೆ ತುಂಬಾ ಇಷ್ಟ. ಹೆಂಪ್‌ಹಿಲ್, ಗ್ರಿಫಿತ್ಸ್, ಫ್ರೆಡರಿಕ್ಸನ್ ಅನ್ನೋ ಮೂವರು ಸಂಶೋಧಕರು ವಿಟ್‌ಮನ್ ಅಂತ ಒಂದು ಕಾಲ್ಪನಿಕ ಪ್ರಾಥಮಿಕ ಶಾಲೆ ಸೃಷ್ಟಿ ಮಾಡಿದ್ರು, 232 ಜನ ನಿಜವಾದ ಪ್ರಿನ್ಸಿಪಾಲ್‌ಗಳನ್ನ ಕೂರಿಸಿ ನೀವು ಈಗ ಈ ಶಾಲೆಗೆ ಹೊಸದಾಗಿ ಬಂದಿದೀರಿ, ಇದು ನಿಮ್ಮ ಟೇಬಲ್ ಮೇಲಿರೋ ಟ್ರೇ ಅಂತ ಹೇಳಿ ಕಾಗದ ಪತ್ರ ಎಲ್ಲಾ ಮುಂದಿಟ್ರು. ಪೋಷಕರ ದೂರು, ಟೀಚರ್ ಚೀಟಿ, ಮೇಲಧಿಕಾರಿ ಪತ್ರ, ಎಲ್ಲಾ ಒಟ್ಟೊಟ್ಟಿಗೆ. ಪ್ರತಿ ಕಾಗದದ ಮೇಲೆ ಏನು ಕ್ರಮ ತಗೋತೀರೋ ಅದನ್ನ ಬರೀರಿ ಅಂದ್ರು. ಫಲಿತಾಂಶ 1962ರಲ್ಲಿ ಪುಸ್ತಕವಾಗಿ ಬಂತು. ಅದ್ರಲ್ಲಿ ಎದ್ದು ಕಂಡಿದ್ದು ಅಂದ್ರೆ ಒಂದೇ ಟ್ರೇ ಕೊಟ್ರೂ ಒಬ್ಬೊಬ್ಬರು ಕೆಲಸ ಮಾಡೋ ರೀತಿ ಬೇರೆ ಬೇರೆ, ಕೆಲವ್ರು ಮೊದ್ಲು ಮಾಹಿತಿ ಕೇಳ್ತಾರೆ, ಬೇರೆಯವರ ಜೊತೆ ಮಾತಾಡ್ತಾರೆ, ಕೆಲವ್ರು ಮೇಲಿನವರು ಹೇಳಿದ್ದನ್ನ ಹಾಗೇ ಪಾಲಿಸ್ತಾರೆ. ಇದು ಭಾಷಣ ಕೇಳಿಸಿದ್ರೆ ಹೊರಗೆ ಬರೋ ವಿಷಯ ಅಲ್ಲ, ಕೈಗೆ ಕಾಗದ ಕೊಟ್ರೆ ಮಾತ್ರ ಕಾಣೋದು.

ಈಗ ನಮ್ಮ ಶಾಲೆಗೆ ಬರೋಣ. ಹೇಗಿರಬೇಕು ಅನ್ನೋದಕ್ಕೆ ನಾನೇ ಕಟ್ಟಿದ ಒಂದು ಕೇಸ್ ಹೇಳ್ತೀನಿ, ಶಾಲೆ ಕಾಲ್ಪನಿಕ, ಆದ್ರೆ ಅದ್ರ ಬೇರು ನಿಜ. ಬಿಸಿಯೂಟದ ಜೊತೆ ಕೊಡೋ ಮೊಟ್ಟೆಗೆ 2024ರಲ್ಲಿ ಸರ್ಕಾರ ಇಟ್ಟಿದ್ದ ಲೆಕ್ಕ ಒಂದಕ್ಕೆ ₹6, ಖರೀದಿ, ಬೇಯಿಸೋದು, ಸಿಪ್ಪೆ ಸುಲಿಯೋದು, ಸಾಗಾಟ ಎಲ್ಲಾ ಅದ್ರಲ್ಲೇ ಆಗಬೇಕಿತ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನ ಮೊಟ್ಟೆ ಬಂತು, ಮಕ್ಕಳಿಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆದ್ರೆ ಅಂಗಡಿ ರೇಟ್ ಏರಿದಾಗೆಲ್ಲ ಆ ವ್ಯತ್ಯಾಸ ಎಚ್‌ಎಂ ತಲೆ ಮೇಲೆ ಬೀಳುತ್ತೆ, ಈ ಗೋಳು ಪೇಪರಲ್ಲೂ ಎಷ್ಟೋ ಸಲ ಬಂದಿದೆ.

ಕೇಸ್ ಹೀಗೆ. ಒಂದು ಹಿರಿಯ ಪ್ರಾಥಮಿಕ ಶಾಲೆ, 1ರಿಂದ 7, 142 ಮಕ್ಕಳು. ಎಚ್‌ಎಂ ಮೇಡಂ ಬಂದು ಐದು ತಿಂಗಳು. ಮೊಟ್ಟೆ ತಿನ್ನೋ ಮಕ್ಕಳು 120ರ ಆಸುಪಾಸು, ಉಳಿದೋರಿಗೆ ಬಾಳೆಹಣ್ಣು. ಅಂಗಡೀಲಿ ಮೊಟ್ಟೆ ₹7 ಆಗಿ ಆರು ವಾರ ಆಯ್ತು. ಕಮ್ಮಿ ಅಂದ್ರೂ ವಾರಕ್ಕೆ ₹720 ಕೊರತೆ, ಗ್ಯಾಸು, ಸುಲಿಯೋ ಖರ್ಚು ಬೇರೆ. ಬಿಸಿಯೂಟ ನೋಡ್ಕೊಳ್ಳೋ ಮೇಷ್ಟ್ರು ಒಳ್ಳೆಯವರು, ಊರಿನವರೇ, ಹನ್ನೊಂದು ವರ್ಷದಿಂದ ಅದೇ ಶಾಲೆ. ಬುಧವಾರ ಮಧ್ಯಾಹ್ನ ಎಸ್‌ಡಿಎಂಸಿ (ಪೋಷಕರೂ ಇರೋ ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಆಫೀಸ್ ರೂಮಿಗೆ ಬಂದು ಮೊಬೈಲ್ ತೆಗೆದು ಒಂದು ಫೋಟೋ ತೋರಿಸ್ತಾರೆ, ಸೋಮವಾರದ ಲೆಕ್ಕ. ಹಾಜರಾತಿ ಪುಸ್ತಕದಲ್ಲಿ ಅವತ್ತು 118 ಮಕ್ಕಳು, ಮೊಟ್ಟೆ ರಿಜಿಸ್ಟರಲ್ಲಿ 131 ಮೊಟ್ಟೆ. "ಮೇಡಂ, ಬಂದಿರೋ ಮಕ್ಕಳಿಗಿಂತ ಮೊಟ್ಟೆ ಜಾಸ್ತಿ ಹೇಗೆ ಆಗುತ್ತೆ?" ಮೇಷ್ಟ್ರನ್ನ ಕರೆದು ಕೇಳಿದ್ರೆ ಅವ್ರು ತಲೆ ತಗ್ಗಿಸಿ ಹೇಳ್ತಾರೆ, ಲೆಕ್ಕದಲ್ಲಿ ಜಾಸ್ತಿ ತೋರಿಸಿದ ದುಡ್ಡಲ್ಲಿ ಅಂಗಡಿಯವ್ರ ಬಾಕಿ ತೀರಿಸ್ಬೇಕಿತ್ತು ಮೇಡಂ, ಒಂದು ರೂಪಾಯಿ ನಾನು ಮುಟ್ಟಿಲ್ಲ, ಮಕ್ಕಳಿಗೆ ಒಂದು ದಿನಾನೂ ಮೊಟ್ಟೆ ತಪ್ಪಿಸಿಲ್ಲ. ಶುಕ್ರವಾರ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರ ವಿಸಿಟ್ ಇದೆ ಅಂತ ಬೆಳಿಗ್ಗೆಯೇ ಮೆಸೇಜ್ ಬಂದಿದೆ. ಕೇಸ್ ಇಲ್ಲಿಗೆ ನಿಲ್ಲುತ್ತೆ. ಜೊತೆಗೆ ಹಾಳೆಗಳು ಇರ್ತವೆ, ಹಾಜರಾತಿ ಪುಟದ ನಕಲು, ಮೊಟ್ಟೆ ರಿಜಿಸ್ಟರ್ ನಕಲು, ಅಂಗಡಿ ಬಿಲ್ಲು ಮೂರು, ಆ ವಾಟ್ಸಾಪ್ ಮೆಸೇಜು.

ಇದನ್ನ ಮೂವತ್ತು ಎಚ್‌ಎಂಗಳ ಮುಂದೆ ಇಟ್ರೆ ಮೊದಲ ಹತ್ತು ನಿಮಿಷ ಏನು ಬರುತ್ತೆ ಅನ್ನೋದು ಹೆಚ್ಚೂಕಮ್ಮಿ ಊಹೆ ಮಾಡಬಹುದು. ನಾನಾಗಿದ್ರೆ ಜೇಬಿಂದ ಹಾಕ್ತಿದ್ದೆ ಅಂತ ಒಬ್ರು, ಸರ್ಕಾರ ರೇಟ್ ಹೆಚ್ಚಿಸಬೇಕು ಅಂತ ಇನ್ನೊಬ್ರು, ಮೇಷ್ಟ್ರಿಗೆ ಮೆಮೊ ಕೊಡಬೇಕು ಅಂತ ಮತ್ತೊಬ್ರು. ಎಲ್ಲಾದ್ರಲ್ಲೂ ಒಂದಷ್ಟು ಸತ್ಯ ಇದೆ, ಆದ್ರೆ ಇದ್ಯಾವುದೂ ಶುಕ್ರವಾರದೊಳಗೆ ಮಾಡೋ ಕೆಲಸವನ್ನ ಹೇಳಲ್ಲ. ಇಲ್ಲಿ ನಡೆಸ್ಕೊಡೋರ ಕೆಲಸ ಶುರುವಾಗೋದು. ಅವ್ರು ಉತ್ತರ ಹೇಳಬಾರದು, ಹಾಳೆ ನೋಡಿ ಅಂತ ಹೇಳ್ಬೇಕು. ಸೋಮವಾರ ಒಂದೇ ದಿನಾನಾ, ಆರು ವಾರದಿಂದಾನಾ? ಬಿಲ್ಲಲ್ಲಿ ಎಷ್ಟು ಮೊಟ್ಟೆ ಇದೆ, 118ಆ 131ಆ? ರಿಜಿಸ್ಟರ್ ಕೆಳಗೆ ಸಹಿ ಯಾರದು?

ಆ ಕೊನೇ ಪ್ರಶ್ನೆಗೆ ರೂಮು ಮೌನ ಆಗುತ್ತೆ, ಯಾಕಂದ್ರೆ ಆ ನಕಲಿನಲ್ಲಿ ದಿನಾ ದಿನಾ ಎಚ್‌ಎಂ ಮೇಡಂ ಸಹಿ ಇದೆ. ನೋಡದೆ ಹಾಕಿದ ಸಹಿ. ಅಲ್ಲಿ ಕೂತಿರೋ ಅಷ್ಟೂ ಜನಕ್ಕೆ ಗೊತ್ತು, ಹದಿನೈದು ರಿಜಿಸ್ಟರ್ ಒಟ್ಟಿಗೆ ಟೇಬಲ್ ಮೇಲೆ ಬಂದಾಗ ಯಾರೂ ಒಂದೊಂದೇ ಓದಿ ಸಹಿ ಹಾಕಲ್ಲ. ಅಲ್ಲಿವರೆಗೂ ಮೇಷ್ಟ್ರ ತಪ್ಪು ಆಗಿದ್ದ ವಿಷಯ ಈಗ ತಮ್ಮ ವಿಷಯ ಆಗುತ್ತೆ. ಆಮೇಲಿನ ಚರ್ಚೆಯೇ ಬೇರೆ. ವಿಸಿಟ್‌ಗೆ ಮೊದ್ಲೇ ನಾವೇ ಬರೆದು ತಿಳಿಸೋದಾ, ತಿಳಿಸಿದ್ರೆ ಮೇಷ್ಟ್ರು ಸಸ್ಪೆಂಡ್ ಆದ್ರೆ? ತಿಳಿಸದೆ ಇದ್ದು ಅಧ್ಯಕ್ಷರ ಫೋಟೋ ಹೊರಗೆ ಬಂದ್ರೆ? ಅಧ್ಯಕ್ಷರು ಮಾತಾಡ್ತಿರೋದು ಕಳಕಳಿಯಿಂದಾನಾ, ಹಳೇ ದ್ವೇಷದಿಂದಾನಾ, ಎರಡೂ ಆಗಿದ್ರೂ ಅವ್ರು ಕೇಳಿದ ಪ್ರಶ್ನೆ ಸರಿ ಇದೆ ಅಲ್ವಾ? ರಿಜಿಸ್ಟರ್ ತಿದ್ದಿ 118 ಮಾಡಿಬಿಡೋಣ ಅನ್ನೋ ಸಲಹೇನೂ ಯಾರೋ ಒಬ್ರು ಮೆಲ್ಲಗೆ ಹೇಳ್ತಾರೆ, ಹೇಳಲಿ, ಅದು ಬಾಯಿಗೆ ಬಂದ್ರೇನೇ ತಿದ್ದೋದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು, ಒಬ್ರ ಲೆಕ್ಕದ ದೋಷ ದಾಖಲೆ ತಿರುಚೋ ಕೇಸ್ ಆಗಿಬಿಡುತ್ತೆ ಅನ್ನೋದನ್ನ ಪಕ್ಕದಲ್ಲಿರೋ ಸಹೋದ್ಯೋಗಿ ಹೇಳೋಕಾಗೋದು. ಅದನ್ನ ಅಧಿಕಾರಿ ಹೇಳೋದಕ್ಕೂ ಇನ್ನೊಬ್ಬ ಎಚ್‌ಎಂ ಹೇಳೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಇಷ್ಟೆಲ್ಲಾ ಆದ್ಮೇಲೆ ಇನ್ನೊಂದು ಕೆಲಸ ಬಾಕಿ. ಮೇಷ್ಟ್ರನ್ನ ಕರೆದು ಮಾತಾಡ್ತೀನಿ ಅಂತ ಎಲ್ರೂ ಹೇಳಿರ್ತಾರೆ, ಸರಿ, ಏನಂತ ಮಾತಾಡ್ತೀರಿ, ಮೊದಲ ಎರಡು ವಾಕ್ಯ ಈಗ ಹೇಳಿ ಅಂತ ಎದ್ದು ನಿಲ್ಲಿಸಿದ್ರೆ ಕಷ್ಟ ಅಲ್ಲಿದೆ ಅನ್ನೋದು ಗೊತ್ತಾಗುತ್ತೆ. ವಯಸ್ಸಲ್ಲಿ ದೊಡ್ಡವರು, ಊರಿನವರು, ತಪ್ಪನ್ನ ಮಕ್ಕಳಿಗೋಸ್ಕರ ಮಾಡಿದವರು. ಅವರಿಗೆ "ಸಾರ್, ನಿಮ್ಮ ಮೇಲೆ ನಂಗೆ ಅನುಮಾನ ಇಲ್ಲ, ಆದ್ರೆ ಈ ಲೆಕ್ಕಕ್ಕೆ ನಾನೂ ಸಹಿ ಹಾಕಿದೀನಿ, ಇಬ್ರೂ ಕೂತು ಆರು ವಾರದ್ದು ನೋಡೋಣ" ಅಂತ ಹೇಳೋಕೆ ಅಭ್ಯಾಸ ಬೇಕು. ಬಾಯಲ್ಲಿ ಒಂದ್ಸಲ ಆಡಿದ ಮಾತು ಶಾಲೇಲಿ ಬೇಕಾದಾಗ ಬರುತ್ತೆ.

ಆದ್ರೆ ಈ ಚರ್ಚೆ ನಡೀಬೇಕಾದ್ರೆ ಒಂದು ಷರತ್ತಿದೆ, ನನ್ನ ಪ್ರಕಾರ ನಮ್ಮ ಇಲಾಖೆ ಇದನ್ನ ಒಪ್ಪಿಕೊಳ್ಳದೆ ಇದ್ರೆ ಕೇಸ್ ಎಷ್ಟು ಚೆನ್ನಾಗಿ ಬರೆದ್ರೂ ಉಪಯೋಗ ಇಲ್ಲ. ಹಿಂದಿನ ಬೆಂಚಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರು ಕೂತಿದ್ರೆ ಯಾವ ಎಚ್‌ಎಂ ತಾನೇ "ನಾನೂ ನೋಡದೆ ಸಹಿ ಹಾಕ್ತೀನಿ" ಅಂತ ಬಾಯಿ ಬಿಡ್ತಾರೆ? ನಾಳೆ ಇನ್‌ಸ್ಪೆಕ್ಷನ್‌ಗೆ ಬರೋರು ಅವ್ರೇ, ಮೆಮೊ ಕೊಡೋರು ಅವ್ರೇ. ಅವ್ರು ಎಷ್ಟೇ ಒಳ್ಳೆಯವರಾಗಿದ್ರೂ ಆ ಕುರ್ಚಿ ಅಂಥದ್ದು. ಆಗ ಎಲ್ರೂ ಆದೇಶದಲ್ಲಿ ಇರೋ ಭಾಷೇಲಿ ಮಾತಾಡ್ತಾರೆ, ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು ಅಂತ. ಬಿಸಿನೆಸ್ ಸ್ಕೂಲಲ್ಲಿ ಈ ತೊಂದ್ರೆ ಇಲ್ಲ, ಅಲ್ಲಿ ಕೂತಿರೋ ಹುಡುಗರ ಕೆಲಸಕ್ಕೆ ಪ್ರೊಫೆಸರ್‌ನಿಂದ ಅಪಾಯ ಇಲ್ಲ. ನಮ್ಮಲ್ಲಿ ಹಾಗಲ್ಲ, ಅದಕ್ಕೇ ಕೇಸ್ ನಡೆಯೋ ಹೊತ್ತಲ್ಲಿ ಮೇಲಧಿಕಾರಿ ಇರಬಾರದು, ಫೋಟೋ ವಿಡಿಯೋ ಗ್ರೂಪಿಗೆ ಹಾಕಬಾರದು, ಯಾರು ಏನು ಹೇಳಿದ್ರು ಅನ್ನೋದು ವರದೀಲಿ ಬರಬಾರದು. ತರಬೇತಿ ಆಯ್ತು ಅನ್ನೋದಕ್ಕೆ ಹಾಜರಾತಿ ಪಟ್ಟಿ ಸಾಕು.

ಇನ್ನೊಂದು, ಹೊರಗಿನ ಕೇಸುಗಳನ್ನ ಕನ್ನಡಕ್ಕೆ ತಂದು ಕೊಟ್ರೆ ಆಗಲ್ವಾ ಅಂತ ಕೇಳ್ತಾರೆ. ಅಮೆರಿಕದಲ್ಲಿ ಶಾಲಾ ನಾಯಕತ್ವದ ಕೇಸುಗಳಿಗೆ ಅಂತಲೇ 1998ರಿಂದ ಒಂದು ಜರ್ನಲ್ ಬರ್ತಿದೆ, ಬರೆಯೋ ರೀತಿ ಕಲಿಯೋಕೆ ಅವು ಚೆನ್ನಾಗಿವೆ. ಆದ್ರೆ ಅಲ್ಲಿನ ಪ್ರಿನ್ಸಿಪಾಲ್ ತಮ್ಮ ಶಾಲೆಗೆ ಬರೋ ಟೀಚರನ್ನ ಇಂಟರ್‌ವ್ಯೂ ಮಾಡ್ತಾರೆ, ಮೌಲ್ಯಮಾಪನ ಮಾಡ್ತಾರೆ. ನಮ್ಮ ಎಚ್‌ಎಂಗೆ ಟೀಚರ್ ಬರೋದು ಇಲಾಖೆಯ ಕೌನ್ಸೆಲಿಂಗ್‌ನಿಂದ, ಹೋಗೋದೂ ಕೌನ್ಸೆಲಿಂಗ್‌ನಿಂದ, ಮಧ್ಯೆ ನಿಯೋಜನೆ, ಓಓಡಿ (ಬೇರೆ ಕಡೆ ಕರ್ತವ್ಯ), ಮತದಾರರ ಪಟ್ಟಿಯ ಬಿಎಲ್‌ಒ ಡ್ಯೂಟಿ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 100 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ₹25,000, 30ರೊಳಗಿದ್ರೆ ₹10,000, ಅಷ್ಟರಲ್ಲಿ ಸೀಮೆಸುಣ್ಣದಿಂದ ಟಾಯ್ಲೆಟ್ ರಿಪೇರಿವರೆಗೂ ಆಗಬೇಕು. ಇಂಥವರಿಗೆ "ಈ ಟೀಚರನ್ನ ತೆಗೆದುಹಾಕ್ತೀರಾ ಇಟ್ಕೋತೀರಾ" ಅನ್ನೋ ಕೇಸ್ ಕೊಟ್ಟು ಏನು ಪ್ರಯೋಜನ. ಅಧಿಕಾರ ಇಲ್ಲದ ಕಡೆ ಒಪ್ಪಿಸಿ ಕೆಲಸ ಮಾಡಿಸೋದು ಹೇಗೆ, ಅದು ನಮ್ಮ ಕೇಸು. 2001ರಲ್ಲಿ ಎಸ್‌ಡಿಎಂಸಿ ಬಂದು, ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ ಸಮಿತೀಲಿ ಮುಕ್ಕಾಲು ಭಾಗ ಪೋಷಕರು, ಅರ್ಧ ಹೆಂಗಸರು ಇರಬೇಕು ಅಂತ ಹೇಳಿ ಇಷ್ಟು ವರ್ಷ ಆದ್ರೂ ಆ ಸಭೆ ನಡೆಸೋದನ್ನ ಎಚ್‌ಎಂಗೆ ಯಾರೂ ಅಭ್ಯಾಸ ಮಾಡಿಸಿಲ್ಲ. ಸಹಿ ಹಾಕಿ ಸುಮ್ಮನೆ ಕೂರೋ ತಾಯಂದಿರ ಬಾಯಲ್ಲಿ ಮಾತು ಬರಿಸೋದು ಹೇಗೆ ಅನ್ನೋದೊಂದೇ ವಿಷಯದ ಮೇಲೆ ನಾಲ್ಕು ಕೇಸ್ ಬರೀಬಹುದು.

ಹಾಗಂತ ಎಲ್ಲಾನೂ ಕೇಸ್ ಮಾಡಬಾರದು. ಇದನ್ನ ಒತ್ತಿ ಹೇಳ್ಬೇಕು. ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಎಚ್‌ಎಂಗೆ ಗೊತ್ತಾದ್ರೆ ಪೊಲೀಸರಿಗೆ ತಿಳಿಸಬೇಕಾ ಬೇಡವಾ ಅನ್ನೋದು ಚರ್ಚೆಯ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿಸಲೇಬೇಕು, ತನ್ನ ಕೈಕೆಳಗಿನ ಸಿಬ್ಬಂದಿ ಮಾಡಿದ್ದನ್ನ ಸಂಸ್ಥೆಯ ಮುಖ್ಯಸ್ಥರು ತಿಳಿಸದೆ ಇದ್ರೆ 21ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ. ಇಂಥದ್ದನ್ನ ನೀವಾಗಿದ್ರೆ ಏನ್ಮಾಡ್ತೀರಿ ಅಂತ ಮುಂದಿಟ್ರೆ ಊರಿನ ಮಾನ, ಶಾಲೆ ಹೆಸರು, ಹುಡುಗಿ ಮದುವೆ ಅಂತ ಇಲ್ಲದ ಆಯ್ಕೆಗಳು ಹುಟ್ಟಿಕೊಳ್ತವೆ, ಕಾನೂನು ಮುಚ್ಚಿದ ಬಾಗಿಲನ್ನ ನಾವೇ ತೆಗೆದಂತೆ ಆಗುತ್ತೆ. ಅಲ್ಲಿ ಮೊದ್ಲು ಕಾನೂನು ನೇರವಾಗಿ ಹೇಳಿಕೊಡಬೇಕು. ಕೇಸ್ ಬೇಕಾಗೋದು ಅದ್ರ ನಂತರದ ಕೆಲಸಕ್ಕೆ, ಮಗುವಿನ ಗುರುತು ಸ್ಟಾಫ್ ರೂಮಲ್ಲೂ ಹೊರಬರದ ಹಾಗೆ ನೋಡ್ಕೊಳ್ಳೋದು ಹೇಗೆ, ಮತ್ತೆ ಮತ್ತೆ ಅದೇ ಕಥೆ ಕೇಳಿ ಮಗೂನ ಹಿಂಸಿಸದೆ ಇರೋದು ಹೇಗೆ, ಮಾರನೇ ದಿನ ಶಾಲೆ ಹೇಗೆ ನಡೆಸೋದು.

ಈ ವಿಧಾನಕ್ಕೆ ಮಿತಿ ಇಲ್ಲವಾ? ಇದೆ. ರೂಮಲ್ಲಿ ಚೆನ್ನಾಗಿ ಮಾತಾಡಿದೋರೆಲ್ಲಾ ಶಾಲೇಲಿ ಚೆನ್ನಾಗಿ ಮಾಡ್ತಾರೆ ಅಂತೇನಿಲ್ಲ, ಮಾತುಗಾರರು ನಾಲ್ಕು ಜನ ಇಡೀ ಚರ್ಚೆ ಕಿತ್ಕೊಂಡುಬಿಡ್ತಾರೆ, ನಡೆಸ್ಕೊಡೋರಿಗೆ ಪಳಗಿದ ಕೈ ಬೇಕು, ಅಂಥೋರನ್ನ ಎರಡು ದಿನದ ಮಾಸ್ಟರ್ ಟ್ರೈನಿಂಗಲ್ಲಿ ತಯಾರು ಮಾಡೋಕಾಗಲ್ಲ. ಟೈಮೂ ಜಾಸ್ತಿ ಬೇಕು, ಒಂದು ಕೇಸಿಗೆ ಒಂದೂವರೆ ಗಂಟೆ ಅಂದ್ರೂ ಪಿಪಿಟಿ ವೇಗದಲ್ಲಿ ಸಿಲೆಬಸ್ ಮುಗಿಯಲ್ಲ. ಅದಕ್ಕೆ ಕೇಸ್ ಆದ್ಮೇಲೆ ಶಾಲೆಗೆ ಹೋಗಿ ಮಾಡೋ ಒಂದು ಚಿಕ್ಕ ಕೆಲಸ ಇರಬೇಕು. ಮೊಟ್ಟೆ ಕೇಸ್ ಮುಗಿಸಿ ಹೋದ ಎಚ್‌ಎಂ ತಮ್ಮ ಶಾಲೇಲಿ ಒಂದು ವಾರದ ಹಾಜರಾತಿ, ಮೊಟ್ಟೆ ಲೆಕ್ಕ, ಬಿಲ್ಲು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ ಮುಂದಿನ ತಿಂಗಳು ಏನು ಕಂಡಿತು ಅಂತ ಹೇಳಲಿ. ಕ್ಲಸ್ಟರ್ ಸಮಾಲೋಚನಾ ಸಭೆ ಹೇಗೂ ನಡೆಯುತ್ತೆ, ಎಚ್‌ಎಂ ಮೀಟಿಂಗೂ ನಡೆಯುತ್ತೆ, ಸುತ್ತೋಲೆ ಓದೋ ಟೈಮಲ್ಲಿ ಸ್ವಲ್ಪ ಉಳಿಸಿದ್ರೆ ಸಾಕು, ಸುತ್ತೋಲೆ ಎಲ್ರ ಮೊಬೈಲಿಗೂ ಮೊದ್ಲೇ ಬಂದಿರುತ್ತೆ.

ಬರೆಯೋರು ಯಾರು? ಡಯಟ್ ಉಪನ್ಯಾಸಕರು ಇದಾರೆ, ಆದ್ರೆ ನಂಗೆ ಹೆಚ್ಚು ಭರವಸೆ ಇರೋದು ರಿಟೈರ್ ಆದ ಎಚ್‌ಎಂಗಳ ಮೇಲೆ. ಮೂವತ್ತೈದು ವರ್ಷದ ಅನುಭವ ಇದೆ, ಮೆಮೊ ಭಯ ಇಲ್ಲ, ಕೂತು ಕೇಳಿದ್ರೆ ಒಬ್ಬೊಬ್ರ ಹತ್ರ ಇಪ್ಪತ್ತು ಕೇಸ್ ಸಿಗುತ್ತೆ, ಅದ್ರಲ್ಲಿ ಅರ್ಧ ಅವ್ರು ಸೋತಿದ್ದು, ಅವೇ ಒಳ್ಳೆ ಕೇಸು. ಊರು, ವರ್ಷ, ಗಂಡು ಹೆಣ್ಣು, ಅಂಕಿ ಎಲ್ಲಾ ಬದಲಾಯಿಸಿ ಯಾರ ಗುರುತೂ ಸಿಗದ ಹಾಗೆ ಬರೀಬೇಕು. ಎಚ್‌ಎಂ ಒಬ್ರ ಬಾಯಿಂದ ಮಾತ್ರ ಕೇಳಿ ಬರೆದ್ರೆ ಸಾಲದು, ಅಡುಗೆ ಅಮ್ಮನಿಗೆ ಏನು ಕಂಡಿತು, ಪೋಷಕರಿಗೆ ಏನು ಕಂಡಿತು ಅನ್ನೋದೂ ಬರಬೇಕು. ಮೊಟ್ಟೆ ಕೇಸಲ್ಲಿ ದಿನಾ ಎಷ್ಟು ಮೊಟ್ಟೆ ಬೇಯ್ತು ಅನ್ನೋದು ಸರಿಯಾಗಿ ಗೊತ್ತಿರೋದು ಅಡುಗೆ ಅಮ್ಮನಿಗೆ ಒಬ್ರಿಗೇ, ಅವರನ್ನ ಕೇಳಬೇಕು ಅನ್ನೋದು ಎಷ್ಟು ಜನ ಎಚ್‌ಎಂಗೆ ಹೊಳೆಯುತ್ತೆ ಅನ್ನೋದೇ ಒಂದು ಪರೀಕ್ಷೆ.

ಕೊನೇದಾಗಿ ಸಿಸ್ಲೆಪ್‌ನವರೂ ಡಯಟ್‌ನವರೂ ಗಮನಿಸಬೇಕಾದ ಮಾತು. ಹತ್ತು ತಾಲ್ಲೂಕಲ್ಲಿ ಇದೇ ಮೊಟ್ಟೆ ಕೇಸ್ ಕೊಟ್ಟು ಹತ್ತೂ ಕಡೆ ಎಚ್‌ಎಂಗಳು ನಮ್ಮಲ್ಲೂ ಹೀಗೇ ಅಂದ್ರೆ ಅದು ಎಚ್‌ಎಂಗಳ ನಾಯಕತ್ವದ ಕೊರತೆ ಅಲ್ಲ, ದರ ನಿಗದಿಯ ಕೊರತೆ. ತರಬೇತಿ ಕೊಡೋರು ಅದನ್ನ ಕೇಳಿಸ್ಕೊಂಡು ಸುಮ್ಮನಾದ್ರೆ ಸರ್ಕಾರದ ಭಾರವನ್ನ ನಾಜೂಕಾಗಿ ಎಚ್‌ಎಂ ಹೆಗಲಿಗೆ ಹಾಕಿ ಅದಕ್ಕೆ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತೆ. ಯಾರ ಹೆಸರೂ, ಯಾವ ಶಾಲೆ ಹೆಸರೂ ಇಲ್ಲದೆ, ತಾಲ್ಲೂಕುವಾರು ಅಂಗಡಿ ದರದ ಪಟ್ಟಿ ಸಮೇತ, ಆಯುಕ್ತರಿಗೆ ವರ್ಷಕ್ಕೆರಡು ಸಲ ಒಂದು ವರದಿ ಹೋಗೋ ವ್ಯವಸ್ಥೆ ತರಬೇತಿ ಆದೇಶದಲ್ಲೇ ಇರಬೇಕು, ಆ ವರದಿ ಮೇಲೆ ಏನು ಕ್ರಮ ಆಯ್ತು ಅನ್ನೋದು ಮುಂದಿನ ಬ್ಯಾಚಿನ ಮೊದಲ ದಿನವೇ ಎಚ್‌ಎಂಗಳಿಗೆ ಗೊತ್ತಾಗಬೇಕು.